ಸಾಯದ ಮೀನು

ಡಿಸೆಂಬರ್ ೪, ಸೋಮವಾರ

ನೀರು ತಿಳಿಯಾಗತೊಡಗಿದೆ. ಕೇದಾರಘಾಟಿನ ಕೆಳಮೆಟ್ಟಿಲುಗಳ ಮೇಲೆ ಮಳೆಗಾಲ ಬಿಟ್ಟುಹೋದ ಕೆಸರನ್ನು ತೊಳೆದು ಮುಗಿಸಿದ್ದಾರೆ. ಇನ್ನೆರಡು ತಿಂಗಳ ಕಾಲ, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ, ಮೊಣಕಾಲುದ್ದದ ಆಳದವರೆಗೆ ಮೀನು ಬರಿಗಣ್ಣಿಗೆ ಕಾಣುತ್ತದೆ. ಕಬಿನಿ ಜಲಾಶಯದ ದಡದಲ್ಲಿ ಮೀನುಗಾರಿಕೆ ಇಲಾಖೆಯ ಉದ್ಯೋಗ ಮಾಡಿ ತಲೆ ನರೆತವಳಿಗೆ ಇದಕ್ಕಿಂತ ಬೇರೆ ಕಾಲಕ್ಷೇಪ ಬೇಕಿಲ್ಲ. ಹಿಂದಿನ ಚಳಿಗಾಲಗಳಂತೆ ಈ ಸಲವೂ ಎರಡು ಪಟ್ಟಿಗಳನ್ನು ಮಾಡಿಕೊಂಡಿದ್ದೇನೆ: ಇಲ್ಲಿಯವು, ಹೊರಗಿನವು. ರೋಹು, ಮೃಗಾಲ್, ಮೀಸೆಯ ಟೆಂಗರಾ ಇಲ್ಲಿಯವು. ತಿಲಾಪಿಯಾ, ಸಾಮಾನ್ಯ ಗೆಂಡೆ ಹೊರಗಿನವು. ಹೊರಗಿನವು ಪ್ರತಿ ವರ್ಷ ಹೆಚ್ಚುತ್ತಿವೆ. ಕಬಿನಿಯಲ್ಲಿಯೂ ಹೀಗೆಯೇ ಆರಂಭವಾಗಿತ್ತು.

ಮೀನುಗಳನ್ನು ಮೆಟ್ಟಿಲ ಬಳಿಗೆ ಕರೆಯುವವನು ಅಣ್ಣಯ್ಯ. ಕಾಗದದ ಚೂರುಗಳ ಮೇಲೆ ರಾಮನಾಮ ಬರೆದು, ಗೋಧಿಹಿಟ್ಟಿನೊಳಗಿಟ್ಟು ಉಂಡೆ ಕಟ್ಟಿ, ಸ್ನಾನವಾದ ಮೇಲೆ ಒಂದೊಂದನ್ನೇ ಗಂಗೆಗೆ ಹಾಕುತ್ತಾನೆ. ಇದು ಇಲ್ಲಿನ ಪದ್ಧತಿ. ಅವನಿಗೆ ಪುಣ್ಯ ದೊರೆಯುತ್ತದೆ, ನನಗೆ ಮೀನು ಕಾಣುತ್ತದೆ. ಅತ್ತಿಗೆ ತೀರಿಕೊಂಡ ಮೇಲೆ ಕಾಶಿಯಲ್ಲಿಯೇ ದೇಹ ಬಿಡುವೆನೆಂದು ವ್ರತ ಹಿಡಿದು ಬಂದವನು ಅವನು. ಉತ್ತರಕ್ಕೆ ವರುಣಾ ನದಿಯನ್ನು, ಪೂರ್ವಕ್ಕೆ ಗಂಗೆಯನ್ನು ದಾಟುವಂತಿಲ್ಲ; ಅದರಾಚೆ ಪ್ರಾಣ ಹೋದರೆ ಇಷ್ಟು ವರ್ಷದ ವಾಸವೆಲ್ಲ ನಿಷ್ಫಲವೆಂದು ಅವನ ನಂಬಿಕೆ. ನನಗೆ ವ್ರತವಿಲ್ಲ, ನಂಬಿಕೆಯೂ ಇಲ್ಲ. ಅವನಿಗೆ ಅನ್ನ ಬೇಯಿಸಿ ಹಾಕುವವರಿಲ್ಲವೆಂದು ಜೊತೆಯಲ್ಲಿ ಬಂದೆ.

ಇಂದು ಅವನು ಉಂಡೆಗಳನ್ನು ಹಾಕಲಿಲ್ಲ. ಅಂಗೈಯಲ್ಲಿ ಹಿಡಿದುಕೊಂಡು ನೀರನ್ನೇ ನೋಡುತ್ತ ನಿಂತಿದ್ದ.

“ಕಾತಿ, ಈ ನೀರಿಗೆ ಹೋದೋರು ಯಾರೂ ಹಿಂದೆ ಬಂದು, ಅಲ್ಲಿ ಕಷ್ಟ ಆಯ್ತು ಅಂತ ಹೇಳಿಲ್ಲ ಅಲ್ವೇನೆ?”

“ಹೇಳೋದಕ್ಕೆ ಅವರಿಗೆ ಬಾಯೆಲ್ಲಿದೆ ಅಣ್ಣಯ್ಯ? ಉಂಡೆ ಹಾಕು, ಹಿಟ್ಟು ಒಣಗ್ತಿದೆ.”

ಎಂದಿನಂತೆ ನಗಲಿಲ್ಲ. ಎಪ್ಪತ್ತೆಂಟು ವರ್ಷದವನ ಕಣ್ಣು ಆ ಹೊತ್ತಿನಲ್ಲಿ ಮಗುವಿನ ಕಣ್ಣಿನಂತೆ ಇತ್ತು. ಬೇಸಿಗೆಯಲ್ಲಿ ಒಬ್ಬ ವೃದ್ಧ ಸನ್ಯಾಸಿ ತಾನಾಗಿಯೇ ನಡುನೀರಿಗೆ ನಡೆದು ಹೋದ ಸುದ್ದಿಯನ್ನು ಯಾರೋ ಹೇಳಿದಾಗ, “ಪುಣ್ಯಾತ್ಮ, ಯಾರಿಗೂ ಹೊರೆ ಆಗ್ಲಿಲ್ಲ” ಎಂದಿದ್ದವನು ಇದೇ ಅಣ್ಣಯ್ಯ.

ಮರಳುವಾಗ ಮೆಟ್ಟಿಲುಗಳ ನಡುವೆ ಕೆಮ್ಮು ಬಂದು ಸ್ವಲ್ಪ ಹೊತ್ತು ಕುಳಿತೆ. ಇಲ್ಲಿನ ಒಲೆಗಳ ಹೊಗೆ ಅಸಾಧ್ಯ.

ಡಿಸೆಂಬರ್ ೭, ಗುರುವಾರ

ಹೊರಗಿನವುಗಳ ಪಟ್ಟಿಗೆ ಹೊಸದೊಂದು ಸೇರಿತು.

ದೋಣಿಯ ಓಂಕಾರ್ ಮೆಟ್ಟಿಲ ಬಳಿ ಬಲೆ ಎತ್ತುತ್ತಿದ್ದವನು ನನ್ನನ್ನು ಕೂಗಿದ. ಕರ್ನಾಟಕದ ಯಾತ್ರಿಕರನ್ನು ಇಪ್ಪತ್ತು ವರ್ಷದಿಂದ ದೋಣಿಯಲ್ಲಿ ಸುತ್ತಿಸಿ ಅವನು ಕಲಿತಿರುವ ಕನ್ನಡಕ್ಕೆ ವಿಭಕ್ತಿಗಳಿಲ್ಲ, ಸಂಕೋಚವೂ ಇಲ್ಲ.

“ಅಮ್ಮಾ, ಬನ್ನಿ ಬನ್ನಿ! ನಿಮ್ಮ ಹೊರಗಿನವರ ಪಾರ್ಟಿಗೆ ಹೊಸ ಮೆಂಬರ್!”

ದೋಣಿಯ ತಳದಲ್ಲಿ ಗೇಣುದ್ದದ ಮೀನು. ಮೈತುಂಬ ಎಲುಬಿನ ತಗಡು, ಅದರ ಮೇಲೆ ಚಿರತೆಯಂಥ ಚುಕ್ಕೆ. ಬೆನ್ನಿನ ಮೇಲೆ ಹಾಯಿಯಂತೆ ಬಿಚ್ಚಿಕೊಳ್ಳುವ ಈಜುರೆಕ್ಕೆ. ಬಾಯಿ ತಲೆಯ ಕೆಳಗಡೆ, ಬಟ್ಟಲಿನಂತೆ ದುಂಡಗೆ. ದಕ್ಷಿಣ ಅಮೆರಿಕದ ನದಿಗಳ ಮೀನು. ಗಾಜಿನ ತೊಟ್ಟಿಯ ಪಾಚಿಯನ್ನು ಹೀರಿ ಶುಚಿ ಮಾಡಲೆಂದು ತರಿಸುತ್ತಾರೆ. ಬೆಳೆದು ಕುರೂಪವಾದಾಗ ನದಿಗೆ ಎಸೆಯುತ್ತಾರೆ. ಕಲ್ಲಿಗಂಟಿದ ಬೇರೆ ಮೀನುಗಳ ಮೊಟ್ಟೆಯನ್ನು ಪಾಚಿಯೊಂದಿಗೆ ತಿಂದುಹಾಕುತ್ತದೆ, ದಂಡೆಯನ್ನು ಕೊರೆದು ಬಿಲ ಮಾಡುತ್ತದೆ. ಅದನ್ನು ನುಂಗಬಲ್ಲ ಜೀವಿ ಈ ನೀರಿನಲ್ಲಿ ಇಲ್ಲವೆಂದೇ ಹೇಳಬೇಕು. ನಾನು ಇದನ್ನು ಕವಚದ ಮೀನು ಎಂದು ಬರೆದುಕೊಂಡಿದ್ದೇನೆ.

“ತಿನ್ನೋಕೆ ಇಲ್ಲ, ಮಾರೋಕೆ ಇಲ್ಲ, ಬಲೆ ಮಾತ್ರ ಫಟ್,” ಎಂದ ಓಂಕಾರ್. “ಬಿಲ್ಕುಲ್ ನನ್ನ ಹೆಂಡತಿ ಅಣ್ಣನ ಹಾಗೆ. ಬಿಟ್ಟುಬಿಡ್ಲಾ?”

“ಬಿಡಬೇಡ. ಇದೊಂದೇ ಅಲ್ಲ, ಸಿಕ್ಕಿದ್ದನ್ನೆಲ್ಲ ಕೊಲ್ಲು.”

“ರಾಮ್ ರಾಮ್! ಬ್ರಾಹ್ಮಣರ ಮನೆ ಅಮ್ಮ ಕಾಶೀಲಿ ಕೂತು ಮೀನು ಕೊಲ್ಲು ಅಂತಾರೆ!”

“ಒಂದನ್ನು ಬಿಟ್ಟರೆ ನಾಳೆ ನಿನ್ನ ಬಲೆಯಲ್ಲಿ ಇವು ಮಾತ್ರ ಇರ್ತಾವೆ ಓಂಕಾರ್. ಆಮೇಲೆ ಹೆಂಡತಿ ಅಣ್ಣನ್ನೇ ಹುರಿದು ತಿನ್ನಬೇಕಾಗುತ್ತೆ.”

ಅವನು ನಗುತ್ತ ಹುಟ್ಟಿನ ಹಿಡಿಯಿಂದ ಹೊಡೆದ. ಮೂರು ಪೆಟ್ಟು ಬೇಕಾಯಿತು. ತಿರುಗಿ ನೋಡಿದರೆ ಅಣ್ಣಯ್ಯ ಹಿಂದೆಯೇ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ. ಹಿಟ್ಟಿನ ಉಂಡೆಗಳು ಕೈಜಾರಿ ಮೆಟ್ಟಿಲ ಮೇಲೆ ಉರುಳಿ, ಬಿಳಿಯ ಹಕ್ಕಿಗಳು ಬಂದು ಕಚ್ಚಿಕೊಂಡು ಹೋದವು.

ಮಧ್ಯಾಹ್ನ ಅವನ ಬೂದುಬಣ್ಣದ ಶಾಲು ಕಾಣಿಸಲಿಲ್ಲ. ದಾನ ಕೊಟ್ಟೆನೆಂದ. “ಚಳಿ ಬರ್ತಿರೋವಾಗ?” ಎಂದೆ. “ನನಗಿನ್ನು ಯಾಕೆ” ಎಂದ.

ಡಿಸೆಂಬರ್ ೧೧, ಸೋಮವಾರ

ಕೇಳಬಾರದ್ದನ್ನು ಕೇಳಿಸಿಕೊಂಡೆ.

ನಮ್ಮ ಬಂಗಾಲಿ ಟೋಲಾದ ಗಲ್ಲಿಯಲ್ಲಿಯೇ ಪುರೋಹಿತ ವಿನಯನ ಮನೆ. ಅವನ ಮುತ್ತಜ್ಜನ ಕಾಲದಿಂದ ಕನ್ನಡದ ಯಾತ್ರಿಕರಿಗೆ ಶ್ರಾದ್ಧ, ಪಿಂಡ ಮಾಡಿಸುವ ಕುಟುಂಬ. ಒಳ್ಳೆಯ ಹುಡುಗ; ಒಂದು ವಾಕ್ಯವನ್ನು ಕನ್ನಡದಲ್ಲಿ ಆರಂಭಿಸಿ ಕನ್ನಡದಲ್ಲಿಯೇ ಮುಗಿಸುವ ಶಕ್ತಿ ಮಾತ್ರ ಇಲ್ಲ. ತರಕಾರಿ ಹಿಡಿದು ಬರುತ್ತಿದ್ದವಳು ಉಸಿರು ಕಟ್ಟಿದಂತಾಗಿ ಅವನ ಮನೆಯ ಗೋಡೆಗೆ ಒರಗಿ ನಿಂತಿದ್ದೆ. ಒಳಗಿನಿಂದ ಅಣ್ಣಯ್ಯನ ದನಿ.

“ಮಕ್ಕಳಿಲ್ಲದೋರಿಗೆ ಕೊನೇ ಕೆಲಸ ಯಾರು ಮಾಡಬಹುದು ವಿನಯ?”

“ಮಾಮಾ, ಅಭೀ ಸೇ ಅದೆಲ್ಲ ಯಾಕೆ? ಟೆನ್ಷನ್ ಮತ್ ಲೀಜಿಯೆ. ಎಲ್ಲಾ ಠೀಕ್ ಆಗತ್ತೆ.”

“ಹೊತ್ತು ಬಂದಾಗ ಕೇಳೋದಕ್ಕೆ ನನಗೆ ಬಾಯಿ ಬರಲ್ಲಪ್ಪ. ಅದಕ್ಕೇ ಈಗ ಕೇಳ್ತಿದೀನಿ.”

ಮುಂದಿನದು ಕೇಳಿಸಲಿಲ್ಲ. ಅಳುತ್ತಿದ್ದನೆಂದು ತೋರುತ್ತದೆ. ನಾನು ಸದ್ದಾಗದಂತೆ ಮನೆಗೆ ಬಂದು ಬದನೆಕಾಯಿ ಹೆಚ್ಚತೊಡಗಿದೆ. ಒಂದೇ ಅಳತೆಯ ಹೋಳುಗಳಾಗಲಿಲ್ಲ.

ಡಿಸೆಂಬರ್ ೧೨, ಮಂಗಳವಾರ

ಓಂಕಾರ್ ಹೇಳಿದ: “ದೊಡ್ಡಯ್ಯ ಕೇಳಿದ್ರು, ಈ ಕಡೆ ನೀರು ಎಲ್ಲಿ ಜಾಸ್ತಿ ಆಳ, ಯಾರೂ ಬಲೆ ಹಾಕದೇ ಇರೋ ಜಾಗ ಯಾವುದು ಅಂತ. ತೋರಿಸಿದೆ. ಯಾಕಮ್ಮಾ?”

ಇಂದು ಮೀನು ಎಣಿಸಲಾಗಲಿಲ್ಲ.

ಡಿಸೆಂಬರ್ ೧೬, ಶನಿವಾರ

ಮಂಜು ಇಳಿದಿದೆ. ಎದುರುದಡವಿಲ್ಲ, ನದಿಯಿಲ್ಲ, ಕೆಳಗಿನ ಮೆಟ್ಟಿಲುಗಳು ಬಿಳಿಯ ಬಟ್ಟೆಯೊಳಗೆ ಸೇರಿಹೋದಂತೆ ಇವೆ.

ಕಣ್ಣು ಬಿಟ್ಟಾಗ ಅಣ್ಣಯ್ಯನ ಹಾಸಿಗೆ ಬರಿದಾಗಿತ್ತು. ಪೂಜೆಯ ಹಿತ್ತಾಳೆಯ ಕೊಡವೂ ಇರಲಿಲ್ಲ. ಚಪ್ಪಲಿ ಮೆಟ್ಟದೆ ಗಲ್ಲಿಗಿಳಿದೆ. ಕೂಗಲು ಭಯ. ಕೂಗಿದರೆ ಉತ್ತರ ಬಾರದಿರಬಹುದು ಎಂಬ ಭಯ. ಗೋಡೆ ಸವರುತ್ತ ಹೋದೆ. ಒಂದು ಹಸು ಮೈಗೆ ತಗುಲಿದಾಗ ನನ್ನ ಬಾಯಿಂದ ಹೊರಟ ಶಬ್ದ ನನಗೇ ಅಪರಿಚಿತವಾಗಿತ್ತು. ಘಾಟಿನ ಮೆಟ್ಟಿಲುಗಳನ್ನು ಕುಳಿತು ಕುಳಿತು ಇಳಿದೆ.

ಅವನು ಕೆಳಗಿನಿಂದ ಹತ್ತಿ ಬರುತ್ತಿದ್ದ. ಸೊಂಟದವರೆಗೆ ಒದ್ದೆ.

“ನೀನ್ಯಾಕೆ ಈ ಚಳೀಲಿ ಬಂದೆ?” ಎಂದು ನನ್ನನ್ನೇ ಗದರಿಸಿದ. “ಪೂಜೆಗೆ ನೀರು ತರೋಣ ಅಂತ ಇಳಿದೆ.”

ಕೊಡ ಬರಿದಾಗಿತ್ತು. ಅದನ್ನು ಅವನು ಗಮನಿಸಿರಲಿಲ್ಲ. ಕೇಳಬೇಕೆಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಕೇಳಿದ ಮೇಲೆ ಅವನು ಹೌದೆಂದುಬಿಟ್ಟರೆ, ಆ ಮಾತಿನೊಂದಿಗೆ ಈ ಎರಡು ಕೋಣೆಗಳಲ್ಲಿ ಹೇಗೆ ಬಾಳುವುದು?

ಇನ್ನು ಮುಂದೆ ಬಾಗಿಲಿಗೆ ಅಡ್ಡಲಾಗಿ ಹಾಸಿಗೆ ಹಾಸಿಕೊಳ್ಳುತ್ತೇನೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ಅವನಿಗೆ ಹೇಳಿದ್ದೇನೆ.

ಡಿಸೆಂಬರ್ ೧೯, ಮಂಗಳವಾರ

ಬಿಸಿಲು ಸ್ವಲ್ಪ ಹೊತ್ತು ಬಂತು. ಓಂಕಾರ್ ಬಲೆಯಲ್ಲಿ ಇನ್ನೊಂದು ಕವಚದ ಮೀನು. ಈ ಹದಿನೈದು ದಿನಗಳಲ್ಲಿ ಇದು ನಾಲ್ಕನೆಯದು. ನಾಲ್ಕೂ ಕೇದಾರಘಾಟಿನ ಇದೇ ಮೆಟ್ಟಿಲುಗಳ ಬಳಿ ಸಿಕ್ಕವು, ನಾಲ್ಕೂ ಒಂದೇ ಅಳತೆಯವು. ನದಿಯಲ್ಲಿಯೇ ಹುಟ್ಟಿ ಬೆಳೆದಿದ್ದರೆ ಮರಿಗಳೂ ಇರಬೇಕು, ಮೊಳದುದ್ದದ ಮುದಿಮೀನುಗಳೂ ಇರಬೇಕು. ಇವುಗಳ ಹೊಟ್ಟೆ ಕೊಯ್ದು ನೋಡಿದರೆ ತೊಟ್ಟಿಯ ಮೀನಿಗೆ ಹಾಕುವ ತಿನಿಸಿನ ಹರಳುಗಳು. ಸಂದೇಹವೇ ಇಲ್ಲ: ಯಾರೋ ತಂದು ಇಲ್ಲಿಯೇ ಬಿಡುತ್ತಿದ್ದಾರೆ. ಕೈಗೆ ಸಿಕ್ಕರೆ ಆ ಮೂರ್ಖನಿಗೆ ನಾಲ್ಕು ಮಾತು ಆಡದೆ ಬಿಡುವುದಿಲ್ಲ. ಇದನ್ನು ಅಣ್ಣಯ್ಯನಿಗೆ ವಿವರಿಸಿದೆ. “ಪಾಪ, ಏನು ಕಷ್ಟಾನೋ ಅವನಿಗೆ” ಎಂದ. ಈಚೆಗೆ ಅವನಿಗೆ ಎಲ್ಲರೂ ಪಾಪವೇ.

ಹೊಡೆದು ಕೊಲ್ಲುವುದನ್ನು ಅವನು ಇಂದೂ ನೋಡಿದ. ಬೇಡವೆಂದರೂ ನಿಂತು ನೋಡುತ್ತಾನೆ.

ಮನೆಯ ಒಡತಿ ತಾರಾದೇವಿ ಕೆಳಗಿನ ಅಂಗಳದಲ್ಲಿ ನನ್ನ ಕೈ ಹಿಡಿದು ತಡೆದು ತನ್ನ ಹಿಂದಿಯಲ್ಲಿ ಬೈದಳು: “ಬಹೆನ್‌ಜೀ, ಊಟ ಮಾಡ್ತೀರೋ ಇಲ್ಲವೋ? ಬಳೆ ಮೊಣಕೈ ತನಕ ಏರ್ತಿದೆ. ಅಣ್ಣ ತಂಗಿ ಇಬ್ಬರೂ ಸೇರಿ ಒಬ್ಬ ಮನುಷ್ಯನಷ್ಟು ತೂಗೋದಿಲ್ಲ!” ಭಯವಿದ್ದಾಗ ಅನ್ನ ಇಳಿಯುವುದಿಲ್ಲವೆಂದು ಅವಳಿಗೆ ಹೇಗೆ ಹೇಳಲಿ? ಕಳೆದ ತಿಂಗಳು ಕೆಮ್ಮಿಗೆಂದು ಆಸ್ಪತ್ರೆಯಲ್ಲಿ ಎದೆಯ ಕ್ಷಕಿರಣ ಚಿತ್ರ ತೆಗೆಸಿದ್ದಾಗಿದೆ. ಅಣ್ಣಯ್ಯನೇ ಹೋಗಿ ತಂದ. ಹಳೆಯ ಕಫವಂತೆ. ಇನ್ನೊಮ್ಮೆ ಹೋಗಿ ಬರೋಣ ಎಂದು ದಿನವೂ ಪೀಡಿಸುತ್ತಾನೆ. ತಿಳಿನೀರಿನ ಕಾಲ ಮುಗಿಯಲಿ, ಎಣಿಕೆ ಪೂರ್ತಿಯಾಗಲಿ ಎಂದಿದ್ದೇನೆ. ಅವನನ್ನು ಮನೆಯಲ್ಲಿ ಒಬ್ಬನನ್ನೇ ಬಿಟ್ಟು ನಾನು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು ಹೇಗೆ?

ಡಿಸೆಂಬರ್ ೨೩, ಶನಿವಾರ. ವೈಕುಂಠ ಏಕಾದಶಿ

ಬರೆಯದೆ ಇರಲಾರೆ.

ಅಣ್ಣಯ್ಯ ವಿನಯನೊಂದಿಗೆ ದೇವಸ್ಥಾನಕ್ಕೆ ಹೋಗುವೆನೆಂದ. ವಿನಯನ ಜೊತೆ ತಾನೆ, ಹೋಗಲಿ ಎಂದುಕೊಂಡೆ. ಹೊತ್ತೇರಿದ ಮೇಲೆ ಹಣ್ಣು ತರಲೆಂದು ದಶಾಶ್ವಮೇಧದ ಕಡೆಯ ಸಂತೆಗೆ ಹೋದೆ. ಅಲ್ಲಿ ವಿನಯ ಒಬ್ಬನೇ, ಹುಬ್ಬಳ್ಳಿಯ ಕಡೆಯ ಯಾತ್ರಿಕರ ಹಿಂಡನ್ನು ನಡೆಸಿಕೊಂಡು ಹೋಗುತ್ತಿದ್ದ.

“ಅಣ್ಣಯ್ಯ ಎಲ್ಲಿ?”

“ಮಾಮಾ? ನನ್ನ ಸಾಥ್ ಬಂದಿಲ್ಲವಲ್ಲ ಅತ್ತೆ.” ಹೇಳಿದವನು ನನ್ನ ಮುಖ ನೋಡಿ ನಾಲಗೆ ಕಚ್ಚಿಕೊಂಡ. “ಇಲ್ಲೇ ಕಹೀಂ ಇರ್ತಾರೆ. ಘಬರಾಯಿಯೆ ಮತ್.”

ನಾನು ರಸ್ತೆಯ ಬದಿಯಲ್ಲಿ ನಿಂತೇ ಇದ್ದೆ. ಎಷ್ಟು ಹೊತ್ತೋ ತಿಳಿಯದು. ಒಂದು ಆಟೋ ಬಂದು ನಿಂತಿತು. ಅದರಿಂದ ಅಣ್ಣಯ್ಯ ಇಳಿದ. ಎದೆಗೆ ಹಿತ್ತಾಳೆಯ ಕೊಡವನ್ನು ಅವುಚಿಕೊಂಡಿದ್ದ. ಕೊಡದ ಬಾಯಿಗೆ ಪಂಚೆಯ ಹರುಕು ಕಟ್ಟಿತ್ತು. ಅವನಿಳಿದ ಕೂಡಲೇ ಆಟೋದವನು ಮರಳಿ ಹೋಗುವವರನ್ನು ಕೂಗಿದ: “ಸಾರನಾಥ್! ಸಾರನಾಥ್!”

ಸಾರನಾಥ ವರುಣೆಯ ಆಚೆ. ಏಳು ವರ್ಷದಿಂದ ಅವನು ವರುಣೆಯ ಸೇತುವೆಯನ್ನು ಕಣ್ಣಿನಿಂದಲೂ ನೋಡಿದವನಲ್ಲ. ಅಲ್ಲಿನ ಬೌದ್ಧಮಠದಲ್ಲಿ ಕನ್ನಡದವರೊಬ್ಬರು ತೀರಿಕೊಂಡಾಗಲೂ ಹೋಗಲಿಲ್ಲ.

“ಎಲ್ಲಿಗೆ ಹೋಗಿದ್ದೆ ಅಣ್ಣಯ್ಯ?”

“ದೇವಸ್ಥಾನಕ್ಕೆ. ಏನು ನೂಕುನುಗ್ಗಲು ಅಂತೀಯ!”

ಎಪ್ಪತ್ತೆರಡು ವರ್ಷಗಳಲ್ಲಿ ಅವನು ನನಗೆ ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಇದೇ ಮೊದಲು. ಪ್ರಾಣದಂತೆ ಕಾಯ್ದ ವ್ರತವನ್ನು ಏಕಾದಶಿಯ ದಿನವೇ ಮುರಿದವನಿಗೆ ಇನ್ನು ಯಾವುದರ ಹಂಗು? ಎಲ್ಲವನ್ನೂ ಬಿಟ್ಟವನು ಮಾತ್ರ ಹೀಗೆ ಮಾಡಬಲ್ಲ.

ಕೊಡವನ್ನು ದೇವರ ಕೋಣೆಯಲ್ಲಿಟ್ಟು ಬಾಗಿಲು ಮುಂದೆ ಮಾಡಿದ. ಒಳಗೆ ಹೋಗಬೇಡ, ಮಡಿ ಎಂದ.

ನಿರ್ಧರಿಸಿದ್ದೇನೆ. ಬಾಗಿಲಿಗೆ ಅಡ್ಡ ಮಲಗುವುದಿಲ್ಲ. ಅಡ್ಡ ಮಲಗಿದರೆ ನಾನು ಮೈಮರೆತ ಯಾವುದೋ ದಿನ ಹೋಗಿಯೇ ಬಿಡುತ್ತಾನೆ. ನಾಳೆ ಹೋಗಲಿ. ನಾನು ಹಿಂದೆ ಇರುತ್ತೇನೆ. ನೀರಿಗಿಳಿದರೆ ನಾನೂ ಇಳಿಯುತ್ತೇನೆ. ನನಗೆ ಈಜು ಬರುತ್ತದೆ, ಅವನಿಗೆ ಬಾರದು. ಬಾಲ್ಯದಲ್ಲಿ ಕಪಿಲೆಯ ದಂಡೆಯಲ್ಲಿ ನಿಂತು, ನಾನು ಮುಳುಗಿ ಏಳುವವರೆಗೆ ಅಳುತ್ತಿದ್ದ.

ಡಿಸೆಂಬರ್ ೨೪, ಭಾನುವಾರ

ಹಾಲಿನವನು ಬರುವ ಹೊತ್ತಿಗೆ ಅಣ್ಣಯ್ಯ ಎದ್ದು ಕೊಡ ಎತ್ತಿಕೊಂಡು ಹೊರಟ. ನಾನು ನಿದ್ದೆಯ ನಟನೆ ಬಿಟ್ಟು ಹಿಂಬಾಲಿಸಿದೆ. ಮಂಜು ದಟ್ಟವಾಗಿತ್ತು. ಅವನ ಬಿಳಿಯ ಪಂಚೆ ಮಂಜಿನಲ್ಲಿ ಒಮ್ಮೆ ಕಂಡು ಒಮ್ಮೆ ಅಳಿಸಿಹೋಗುತ್ತಿತ್ತು. ಕೊಡಕ್ಕೆ ಅವನ ಉಂಗುರ ತಗುಲುವ ಸದ್ದನ್ನು ಹಿಡಿದು ನಡೆದೆ. ಕೆಮ್ಮು ಬಂದಾಗ ಸೆರಗನ್ನು ಬಾಯಿಗೆ ತುರುಕಿಕೊಂಡೆ. ತೆಗೆದಾಗ ಸೆರಗಿನ ಮೇಲೆ ಕೆಂಪು ಕಲೆ. ಎಲೆಯಡಿಕೆ ಹಾಕಿಕೊಳ್ಳುವವಳಲ್ಲ ನಾನು. ಇರಲಿ, ಅದರ ಕಡೆ ಗಮನ ಕೊಡುವ ಹೊತ್ತು ಅದಾಗಿರಲಿಲ್ಲ.

ಘಾಟಿನಲ್ಲಿ ಸದ್ದು ನಿಂತಿತು. ಬಳಿಕ ನೀರು ಕದಡುವ ಸದ್ದು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಮಂಜು ತುಸು ಸರಿದಾಗ ಕಂಡೆ: ಎದೆಮಟ್ಟದ ನೀರಿನಲ್ಲಿ, ನನಗೆ ಬೆನ್ನು ಮಾಡಿ, ಕೊಡವನ್ನು ತಲೆಯ ಮೇಲಕ್ಕೆತ್ತಿಕೊಂಡು ಅವನು ಇನ್ನೂ ಮುಂದೆ ಹೋಗುತ್ತಿದ್ದ.

“ಅಣ್ಣಯ್ಯಾ!”

ಅಷ್ಟು ದೊಡ್ಡದಾಗಿ ಕೂಗಿದ್ದು ನಾನೆಂದು ಆಮೇಲೆ ತಿಳಿಯಿತು. ಓಡಿದೆ. ನೀರು ಮೊಣಕಾಲಿಗೆ ಬರುವ ಮೊದಲೇ ಉಸಿರು ಸಿಗದೆ ಕುಸಿದೆ. ಈಜು ಬರುವವಳು ಮೂರು ಮೆಟ್ಟಿಲ ನೀರಿನಲ್ಲಿ ಮುಳುಗಹತ್ತಿದ್ದೆ. ಈಜು ಬಾರದವನು ಬಂದು ನನ್ನ ತೋಳು ಹಿಡಿದೆಳೆದು ಒಣ ಮೆಟ್ಟಿಲ ಮೇಲೆ ಕೂರಿಸಿದ. ಕೊಡ ಅವನ ಕೈಯಿಂದ ಬಿದ್ದು ಠಣಠಣ ಉರುಳಿ, ಅದರೊಳಗಿನದು ಕಲ್ಲಿನ ಮೇಲೆ ಚೆಲ್ಲಿತು.

ಗೇಣುದ್ದ. ಮೈತುಂಬ ಚುಕ್ಕೆ. ಬಟ್ಟಲಿನ ಬಾಯಿಂದ ಮೆಟ್ಟಿಲನ್ನು ಕಚ್ಚಿ ಹಿಡಿದು, ಬೆನ್ನಿನ ಹಾಯಿ ಬಿಚ್ಚಿ ನಿಂತಿತ್ತು.

ಇಬ್ಬರೂ ಅದನ್ನೇ ನೋಡಿದೆವು.

“ಇದು ಸಾಯಲ್ವಂತೆ ಕಾತಿ,” ಎಂದ. ಹಲ್ಲು ಕಟಕಟಿಸುತ್ತಿತ್ತು. “ನೀರಿಲ್ಲದೇ ಇದ್ರೂ ಅರ್ಧ ದಿನ ಇರುತ್ತಂತೆ. ಅದಕ್ಕೇ ಇದನ್ನೇ ತಂದೆ.”

“ನೀನು ತಂದೆಯಾ? ನೀನು?”

“ಬೈಬೇಡ. ಮೊದಲು ಕೇಳು. ನಿನ್ನ ಎದೆ ಚಿತ್ರ ತರೋಕೆ ಹೋದಾಗ ಡಾಕ್ಟರು ಹೇಳಿದ್ರು, ಎಡಗಡೆ ಗಂಟು ಕಾಣ್ತಿದೆ ಅಂತ. ಚೂರು ತೆಗೆದು ಪರೀಕ್ಷೆ ಮಾಡ್ಬೇಕು, ಬೇಗ ಕರ್ಕೊಂಡು ಬನ್ನಿ ಅಂದ್ರು. ಹೇಳೋಕೆ ಬಂದಾಗಲೆಲ್ಲ ನೀನು ಮೀನಿನ ಎಣಿಕೆ ಮುಗೀಲಿ ಅಂದೆ. ನನಗೆ ಬಾಯಿ ಬರ್ಲಿಲ್ಲ ಕಣೆ. ಎಷ್ಟು ಸಲ ಹೊರಟೆ, ಬಾಯೇ ಬರ್ಲಿಲ್ಲ.”

ಉಳಿದದ್ದನ್ನು ಅವನು ಹೇಳಿದಂತೆ ಕ್ರಮವಾಗಿ ಬರೆದಿಡುತ್ತೇನೆ. ವಿನಯನ ಬಳಿ ಹೋಗಿ ಅತ್ತಿದ್ದಾನೆ. ಕೊಲ್ಲಲಿರುವ ಮೀನನ್ನು ಬಿಡಿಸಿ ಗಂಗೆಗೆ ಬಿಟ್ಟರೆ ರೋಗಿಯ ಆಯುಷ್ಯ ಬೆಳೆಯುತ್ತದೆ, ಆದರೆ ಬಿಟ್ಟ ಮೀನು ಸಾಯಬಾರದು ಎಂದು ವಿನಯ ಹೇಳಿದ್ದಾನೆ. ಶಾಲಿನ ದಾನವೂ ಅವನು ಹೇಳಿದ್ದೇ. ಮೀನಿನ ಸಂತೆಗೆ ಹೋದರೆ ರಕ್ತ ಕಂಡು ತಲೆ ತಿರುಗಿ ಬಿದ್ದಿದ್ದಾನೆ. ಸಾರನಾಥದ ಹೊಲಗಳ ನಡುವೆ ತೊಟ್ಟಿ ಕಟ್ಟಿ ಬಣ್ಣದ ಮೀನು ಸಾಕುವವನೊಬ್ಬನಿದ್ದಾನೆಂದು ಯಾರೋ ಹೇಳಿದರು. ಅಲ್ಲಿ ರಕ್ತವಿಲ್ಲ. “ಸಾಯದೇ ಇರೋ ಮೀನು ಕೊಡಪ್ಪ” ಎಂದು ಕೇಳಿದನಂತೆ. “ಬಾಬಾ, ಯೇ ಮರ್ತಾ ಹೀ ನಹೀಂ,” ಇದು ಸಾಯುವುದೇ ಇಲ್ಲ, ಎಂದು ಆ ಮನುಷ್ಯ ಯಾರೂ ಕೊಳ್ಳದ ಇದನ್ನು ಹಿಡಿದುಕೊಟ್ಟ.

“ವರುಣೆ ದಾಟಿದೆಯಲ್ಲ ಅಣ್ಣಯ್ಯ! ನಿನ್ನ ವ್ರತ?”

“ದಾಟಿದೆ. ಹೋಗ್ತಾ ಬರ್ತಾ ಸೇತುವೆ ಮೇಲೆ ಕಣ್ಣು ಮುಚ್ಕೊಂಡು ಕೂತಿದ್ದೆ. ಅಲ್ಲೇ ಪ್ರಾಣ ಹೋದ್ರೆ ಅಂತ ಭಯ.”

“ಒಂದು ಸಲ ದಾಟಿದ್ದು ಸಾಲದೆ?”

ಅವನು ತಲೆ ತಗ್ಗಿಸಿದ. “ಬಿಟ್ಟ ಮೀನು ಸಾಯಬಾರದಿತ್ತಲ್ಲ. ನೀನು ಓಂಕಾರನ ಕೈಲಿ ಕೊಲ್ಲಿಸ್ತಿದ್ದೆ. ಒಂದು ಸತ್ತಾಗಲೆಲ್ಲ ಇನ್ನೊಂದು ತಂದೆ.”

ಆ ಹುಟ್ಟಿನ ಹಿಡಿಯ ಪೆಟ್ಟುಗಳೆಲ್ಲ ಈಗ ಒಟ್ಟಿಗೆ ಕೇಳಿಸಿದವು. ಸತ್ತ ಪ್ರತಿಯೊಂದು ಮೀನಿಗೂ ಅವನು ಒಮ್ಮೆ ವರುಣೆಯನ್ನು ದಾಟಿದ್ದ. ಹಾಗೆ ಕಳಿಸಿದವಳು ನಾನು.

ಮಂಜಿನೊಳಗಿನಿಂದ ಓಂಕಾರ್ ದೋಣಿ ತಂದು ನಿಲ್ಲಿಸಿದ. ಮೀನನ್ನು ಕಂಡು, ಏನನ್ನೂ ಅರಿಯದೆ ಹುಟ್ಟನ್ನು ತಿರುಗಿಸಿ ಹಿಡಿದ. “ಅರೇ, ಈಗ ತಾನೇ ಮೆಟ್ಟಿಲು ಹತ್ತಿ ಬರ್ತಾವಲ್ಲ! ಹೊಡೀಲಾ ಅಮ್ಮಾ?”

ಅಣ್ಣಯ್ಯ ನನ್ನ ಕಡೆ ನೋಡಲಿಲ್ಲ. ಗಂಗೆಯ ಕಡೆ ನೋಡುತ್ತ ಕುಳಿತಿದ್ದ.

ಹೊಡೆ ಎನ್ನುವುದು ಸರಿಯಾದ ಉತ್ತರ. ನದಿಗೆ ಬಿಡು ಎನ್ನುವುದು ತಪ್ಪಾದ ಉತ್ತರ. ಈ ಎರಡರಲ್ಲಿ ನನಗೆ ಯಾವ ಸಂಶಯವೂ ಇಲ್ಲ.

“ಕೊಡಕ್ಕೆ ನೀರು ತುಂಬು ಓಂಕಾರ್,” ಎಂದೆ.

ಡಿಸೆಂಬರ್ ೨೬, ಮಂಗಳವಾರ

ಮೀನು ಬಟ್ಟೆ ನೆನೆಸುವ ದೊಡ್ಡ ತಗಡಿನ ತೊಟ್ಟಿಯಲ್ಲಿದೆ. ನದಿಗೆ ಬಿಡುವಂತಿಲ್ಲ. ಕೊಲ್ಲಲು ಅವಸರವಿಲ್ಲ. ಸೆರೆಯಲ್ಲಿರಿಸಿ ಗಮನಿಸಿದರೆ ಅದರ ಆಹಾರಕ್ರಮ ತಿಳಿದೀತು. ಇದು ಸಂಪೂರ್ಣ ವೈಜ್ಞಾನಿಕವಾದ ಏರ್ಪಾಡು. ಸೌತೆಕಾಯಿ ತಿನ್ನುತ್ತದೆ, ಬದನೆಕಾಯಿ ಮುಟ್ಟುವುದಿಲ್ಲ. ಹಗಲೆಲ್ಲ ತಳಕ್ಕೆ ಅಂಟಿಕೊಂಡಿರುತ್ತದೆ.

ಇಂದು ಆಸ್ಪತ್ರೆಗೆ ಹೋಗಿ ಬಂದೆವು. ಗಂಟಿನ ಚೂರು ತೆಗೆಯುವುದು ಜನವರಿ ಮೂರರಂದು. ಅದರ ಕುರಿತು ಬರೆಯುವುದು ಇಷ್ಟೇ.

ತಾರಾದೇವಿ ಮಾಳಿಗೆಗೆ ಬಂದವಳು ತೊಟ್ಟಿಯೊಳಗೆ ಬಗ್ಗಿ ನೋಡಿ ಎರಡು ಹೆಜ್ಜೆ ಹಾರಿದಳು. “ಹಾಯ್ ರಾಮ್! ಇದೇನು, ಮೀನೋ ಮೊಸಳೆ ಮರಿಯೋ? ನನ್ನ ಮನೇಲಿ ಮಾಂಸ ಬೇಯಿಸೋ ಹಾಗಿಲ್ಲ!” ಅಡುಗೆಗಲ್ಲ, ಸಾಕುತ್ತಿದ್ದೇವೆ ಎಂದು ಅಣ್ಣಯ್ಯ ಹೇಳಿದ. ಸಾಕುತ್ತಿಲ್ಲ, ಗಮನಿಸುತ್ತಿದ್ದೇವೆ ಎಂದು ನಾನು ತಿದ್ದಿದೆ.

ಡಿಸೆಂಬರ್ ೩೦, ಶನಿವಾರ

ವಿನಯ ಬಂದಿದ್ದ. ಕರೆಯಿಸಿದ್ದು ನಾನೇ.

“ಬಿಟ್ಟ ಮೀನು ಸಾಯಬಾರದು ಅಂತ ಯಾವ ಶಾಸ್ತ್ರದಲ್ಲಿದೆಯಪ್ಪ?”

“ಶಾಸ್ತ್ರ ಅಲ್ಲ ಅತ್ತೆ, ನಮ್ಮ ಅಜ್ಜ ಹೇಳ್ತಿದ್ರು.” ಕಿವಿ ಹಿಡಿದುಕೊಂಡ. “ಮಾಮಾ ರೋ ರಹೇ ಥೇ. ಮನೆಗೆ ಹೋಗಿ ನಿಮ್ಮ ಮುಂದೆ ಅಳಬಾರದು ಅಂತ ನಮ್ಮ ಮನೇಲಿ ಕೂತು ಅಳೋರು. ಏನಾದ್ರೂ ಹೇಳಲೇಬೇಕಿತ್ತಲ್ಲ.”

ಇನ್ನು ಮುಂದೆ ಯಾರಿಗೂ ಹಾಗೆ ಹೇಳಕೂಡದು, ಹೇಳಿದರೂ ತೊಟ್ಟಿಯ ಮೀನನ್ನು ನದಿಗೆ ಬಿಡಿಸಕೂಡದು ಎಂದು ಮಾತು ತೆಗೆದುಕೊಂಡೆ. ಘಾಟಿನಲ್ಲಿ ಈಚೆಗೆ ಕವಚದ ಮೀನು ಕಂಡಿಲ್ಲ ಎಂದು ಓಂಕಾರ್ ಹೇಳಿದ. ನನ್ನ ಊಹೆ ಸರಿಯಾಗಿತ್ತು.

ಸಂಜೆ ಅಣ್ಣಯ್ಯ ತೊಟ್ಟಿಯ ಪಕ್ಕದಲ್ಲಿ ಕುಳಿತು ಕೇಳಿದ: “ಇದು ಎಷ್ಟು ವರ್ಷ ಇರುತ್ತೆ ಕಾತಿ?”

“ಚೆನ್ನಾಗಿ ನೋಡ್ಕೊಂಡ್ರೆ ಹತ್ತು ಹದಿನೈದು.”

“ಸಾಕು,” ಎಂದ.

ನೀರು ತುಂಬ ತಣ್ಣಗಿದೆ. ಬಿಸಿನಾಡಿನ ಮೀನು, ಇಂಥ ಚಳಿಯಲ್ಲಿ ಉಳಿಯುವುದು ಕಷ್ಟ. ಮಲಗುವ ಮುನ್ನ ಒಂದು ಚೊಂಬು ಬಿಸಿನೀರು ಬೆರೆಸಿದೆ. ತೊಟ್ಟಿಗೆ ನನ್ನ ಕಂಬಳಿ ಸುತ್ತಿದೆ.

ಜನವರಿ ೩, ಬುಧವಾರ

ಆಸ್ಪತ್ರೆಗೆ ಹೊರಡುವ ಮೊದಲು ಬರೆಯುತ್ತಿದ್ದೇನೆ. ಅಕ್ಷರಗಳು ದುಂಡಗಾಗುತ್ತಿಲ್ಲ.

ಬೆಳಿಗ್ಗೆ ಅಣ್ಣಯ್ಯ ಮನೆಯಲ್ಲಿಯೇ ಸ್ನಾನಕ್ಕೆ ಹೋದಾಗ ಕಂಬಳಿ ಸರಿಸಿ ನೋಡಿದೆ. ಮೀನು ತಳಬಿಟ್ಟು ಓರೆಯಾಗಿ ತೇಲುತ್ತಿತ್ತು. ಕಿವಿರು ಆಡುತ್ತಿರಲಿಲ್ಲ. ಸೌತೆಕಾಯಿಯ ಹೋಳು ಇಟ್ಟಂತೆಯೇ ಇತ್ತು. ತೊಟ್ಟಿಯನ್ನು ಬೆರಳಿನಿಂದ ತಟ್ಟಿದೆ. ಚಲಿಸಲಿಲ್ಲ. ಇನ್ನೊಮ್ಮೆ ತಟ್ಟಿದೆ.

ಚಳಿಗೆ ಸಿಕ್ಕ ಒಂದು ಮೀನು ಸಾಯುವುದಕ್ಕೂ ಒಬ್ಬಳ ಎದೆಯೊಳಗಿನ ಗಂಟಿಗೂ ಸಂಬಂಧವಿಲ್ಲ. ಇದನ್ನು ಬಲ್ಲವಳು ನಾನು, ಬಲ್ಲೆನೆಂದು ಮನಸ್ಸಿನಲ್ಲಿ ಹೇಳಿಕೊಂಡೆ ಕೂಡ. ಆದರೂ ನೆಲದ ಮೇಲೆ ಕುಳಿತೆ. ಅವನು ಸ್ನಾನ ಮುಗಿಸಿ ಬಂದು ಇದನ್ನು ನೋಡಬಾರದು, ಇಷ್ಟೇ ಯೋಚನೆ. ಸೆರಗಿನಲ್ಲಿ ಸುತ್ತಿ ತಾರಾದೇವಿಯ ಅಂಗಳಕ್ಕೆ ಒಯ್ದುಬಿಡಲೇ? ಮುಚ್ಚಿಟ್ಟು ಸಂಜೆ ಹೇಳಲೇ? ಸಂಜೆ ಹೇಳಲು ನಾನಿರುತ್ತೇನೆಯೇ? ಕೈಯನ್ನು ನೀರಿಗೆ ಹಾಕಿ ಅದರ ಬೆನ್ನನ್ನು ಹಿಡಿದೆ.

ಹಾಯಿ ಸರ್ರನೆ ಬಿಚ್ಚಿಕೊಂಡಿತು. ಮುಳ್ಳು ಬೆರಳಿಗೆ ಹೊಕ್ಕಿತು. ಬಾಲ ಬಡಿದ ರಭಸಕ್ಕೆ ತೊಟ್ಟಿಯ ನೀರು ನನ್ನ ಮುಖಕ್ಕೆ, ಕಣ್ಣಿಗೆ, ಒಗೆದು ಉಟ್ಟಿದ್ದ ಸೀರೆಗೆ ಎರಚಿತು. ಮೀನು ಗೋಡೆಗೆ ಬಾಯಿ ಕಚ್ಚಿ ನಿಂತಿತು.

“ಅಣ್ಣಯ್ಯಾ!” ಎಂದು ಕೂಗಿಬಿಟ್ಟೆ. “ಬದುಕಿದೆ!”

ಸ್ನಾನದ ಕೋಣೆಯೊಳಗಿನಿಂದ ಚೊಂಬು ಕೆಳಗಿಟ್ಟ ಸದ್ದು ಬಂತು.

“ಗೊತ್ತು ಕಣೆ. ಎದ್ದಾಗಿನಿಂದ ಮೂರು ಸಲ ನೋಡಿದೀನಿ.”

ನಾನು ನೋಡಿದ್ದು ಎರಡೇ ಸಲ. ಸೀರೆ ಬದಲಾಯಿಸಿದ್ದೇನೆ, ಬೆರಳಿಗೆ ಬಟ್ಟೆ ಸುತ್ತಿದ್ದೇನೆ. ಗಲ್ಲಿಯ ತುದಿಯಿಂದ ಆಟೋದವನು ಕೂಗುತ್ತಿದ್ದಾನೆಂದು ತಾರಾದೇವಿ ಕೆಳಗಿನಿಂದ ಹೇಳುತ್ತಿದ್ದಾಳೆ. ಇನ್ನೊಮ್ಮೆ ಕಂಬಳಿ ಸರಿಸಿ ನೋಡಿಕೊಂಡು ಇಳಿಯುತ್ತೇನೆ.